ಹಡಗಿಗೆ ಇಬ್ಬರು ತಾಯಂದಿರು

ಮುಂಬಯಿಯಲ್ಲಿರುವ ನಮ್ಮ ಸದಸ್ಯೆಯರಲ್ಲಿ ಕೆಲವರಾದರೂ ‘ಎಂಪ್ರೆಸ್’ ಎಂಬ ಕ್ರೂಸ್ ಹಡಗು ಹತ್ತಿ ಗೋವಾಕ್ಕೆ ಹೋಗಿಬಂದವರಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ಅದರ ಫೋಟೋ ನೋಡದವರಂತೂ ಇರಲಾರರು. 2021ರಲ್ಲಿ ಅದು ಮುಂಬಯಿಯಿಂದ ಪ್ರವಾಸ ಶುರುಮಾಡಿದಾಗ ಹೊಚ್ಚಹೊಸ ಹಡಗು ಬಂದಿದೆ ಎಂದೇ ಹಲವರು ತಿಳಿದಿದ್ದರು. ನಿಜವೆಂದರೆ ಅದು ಫ್ರಾನ್ಸಿನ ಸೇಂಟ್ ನಜೇರ್ ಎಂಬ ಊರಿನಲ್ಲಿ ಕಟ್ಟಿದ ಹಡಗು, 1990ರಲ್ಲಿ ಸಂಚಾರಕ್ಕೆ ಇಳಿದದ್ದು. ಆಗ ಅದರ ಹೆಸರು ‘ನಾರ್ಡಿಕ್ ಎಂಪ್ರೆಸ್’. ಆಮೇಲೆ ‘ಎಂಪ್ರೆಸ್ ಆಫ್ ದಿ ಸೀಸ್’ ಆಯಿತು, ಕೆಲಕಾಲ ಸ್ಪ್ಯಾನಿಷ್ ಕಂಪನಿಯೊಂದರ ಕೈಗೆ ಹೋಯಿತು, ಮತ್ತೆ ಹಳೆಯ ಹೆಸರಿಗೆ ಮರಳಿತು, ಕೊನೆಗೆ ನಮ್ಮ ಕಡೆಗೆ ಬಂತು. ಮನೆ ಬದಲಾದಂತೆಲ್ಲ ಹೆಸರೂ ಬದಲಾಗುವ ಈ ಅನುಭವ ನಮ್ಮಲ್ಲಿ ಅನೇಕರಿಗೆ ಹೊಸದೇನಲ್ಲ.

ಹಡಗಿಗೆ ಹೆಸರಿಡುವುದು ಒಂದು ದೊಡ್ಡ ಸಮಾರಂಭ. ಪಾಶ್ಚಾತ್ಯ ಪದ್ಧತಿಯಲ್ಲಿ ಆ ಹೆಸರಿಡುವವಳು ಸಾಮಾನ್ಯವಾಗಿ ಒಬ್ಬ ಹೆಣ್ಣುಮಗಳು. ಅವಳನ್ನು ಹಡಗಿನ ‘ಗಾಡ್‌ಮದರ್’ ಎನ್ನುತ್ತಾರೆ, ನಾವು ಧರ್ಮತಾಯಿ ಎನ್ನಬಹುದು. ಇಟಲಿಯವರ ಮಾತಿನಲ್ಲಿ ಅವಳು ‘ಮಾದ್ರೀನಾ’. ಗೋವಾದ ಕ್ರೈಸ್ತ ಮನೆಗಳಲ್ಲಿ ಮಗುವಿನ ಜ್ಞಾನಸ್ನಾನದ ದಿನ ಧರ್ಮತಾಯಿಯಾಗುವವಳನ್ನು ಕೊಂಕಣಿಯಲ್ಲಿ ‘ಮಾದ್ರಿನ್’ ಎನ್ನುವುದೂ ಅದೇ ಬಳಗದ ಮಾತು, ಪೋರ್ಚುಗೀಸರಿಂದ ಬಂದದ್ದು. ಕನ್ನಡ ವ್ಯಾಕರಣಕ್ಕೆ ಹಡಗು ಎಂದರೆ ಬರೀ ‘ಅದು’. ಇಂಗ್ಲಿಷಿನಲ್ಲಿ ಮಾತ್ರ ಬಹುಕಾಲದಿಂದ ‘ಅವಳು’. ಲಂಡನ್ನಿನ ಹಳೆಯ ಹಡಗು ಪತ್ರಿಕೆ ‘ಲಾಯ್ಡ್ಸ್ ಲಿಸ್ಟ್’ ಈ ರೂಢಿಯನ್ನು ಬಿಟ್ಟಿದ್ದೇ 2002ರಲ್ಲಿ.

ಆದರೆ ಇಂದು ಯುರೋಪಿನಲ್ಲಿ ಕಟ್ಟಲಾಗುತ್ತಿರುವ ಐಷಾರಾಮಿ ಹಡಗುಗಳ ಕಥೆ ಓದುತ್ತ ಹೋದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಧರ್ಮತಾಯಿ ಒಬ್ಬಳಲ್ಲ, ಬಹಳ ಸಲ ಇಬ್ಬರು. ಒಬ್ಬಳ ಹೆಸರು ಲೋಕಕ್ಕೆಲ್ಲ ಗೊತ್ತು. ಇನ್ನೊಬ್ಬಳ ಹೆಸರು ಆ ದಿನದ ಪತ್ರಿಕಾ ಪ್ರಕಟಣೆಯ ಮೂಲೆಯಲ್ಲಿ ಬಂದು ಹೋಗುತ್ತದೆ.

ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಹಡಗು ಕಟ್ಟುವ ಕ್ರಮ ಸ್ವಲ್ಪ ಗೊತ್ತಿರಬೇಕು. ಮೊದಲು ಉಕ್ಕಿನ ತಗಡು ಕತ್ತರಿಸುತ್ತಾರೆ. ತಗಡುಗಳನ್ನು ಬೆಸೆದು ಮನೆಯಷ್ಟು ಎತ್ತರದ ಬ್ಲಾಕುಗಳನ್ನು ಮಾಡುತ್ತಾರೆ. ಮೊದಲ ಬ್ಲಾಕನ್ನು ಕ್ರೇನು ಎತ್ತಿ ಡ್ರೈ ಡಾಕಿನ, ಅಂದರೆ ನೀರು ಬಸಿದ ದೊಡ್ಡ ಕಟ್ಟೆಯ, ತಳದಲ್ಲಿ ಇಳಿಸುವ ದಿನ ಒಂದು ಪುಟ್ಟ ಪೂಜೆಯಂಥದ್ದು ನಡೆಯುತ್ತದೆ. ಅದೇ ನಾಣ್ಯದ ಸಮಾರಂಭ. ಒಂದೆರಡು ನಾಣ್ಯಗಳನ್ನು ಹಡಗಿನ ಅಡಿಪಾಯದಲ್ಲಿ, ಕೀಲ್ ಎನ್ನುವ ಜಾಗದಲ್ಲಿ, ಇಡುತ್ತಾರೆ. ನಾವು ಮನೆ ಕಟ್ಟುವಾಗ ಪಾಯದಲ್ಲಿ ನವರತ್ನವೋ ಬೆಳ್ಳಿಯ ಚೂರೋ ಇಡುವಂತೆ. ಮುಂದೆ ಬ್ಲಾಕಿನ ಮೇಲೆ ಬ್ಲಾಕು ಕೂಡಿಸಿ ಒಡಲು ಮುಗಿದ ಮೇಲೆ ಕಟ್ಟೆಗೆ ನೀರು ಬಿಡುತ್ತಾರೆ, ಹಡಗು ತಾನಾಗಿ ತೇಲುತ್ತದೆ. ಆಮೇಲೆ ಒಳಗಿನ ಕೆಲಸ, ಸಮುದ್ರದಲ್ಲಿ ಪರೀಕ್ಷೆ, ಹಸ್ತಾಂತರ. ಎಲ್ಲ ಮುಗಿದ ಮೇಲೆ ಯಾವುದಾದರೂ ಚಂದದ ಬಂದರಿನಲ್ಲಿ ದೀಪ, ಸಂಗೀತ, ಪಟಾಕಿಗಳ ನಡುವೆ ನಾಮಕರಣ.

ನಾಣ್ಯ ಇಡುವ ಪದ್ಧತಿ ಎಷ್ಟು ಹಳೆಯದು ಎಂಬುದಕ್ಕೆ ಮಣ್ಣಿನಲ್ಲೇ ಸಾಕ್ಷಿ ಸಿಕ್ಕಿದೆ. 1962ರಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ಬಳಿ ಥೇಮ್ಸ್ ನದಿಯ ಕೆಸರಿನಲ್ಲಿ ರೋಮನ್ನರ ಕಾಲದ ಒಂದು ಸರಕು ದೋಣಿ ಸಿಕ್ಕಿತು. ಅದರ ಹಾಯಿಕಂಬ ನಿಲ್ಲಿಸುವ ಗುಳಿಯಲ್ಲಿ ಒಂದು ತಾಮ್ರಬಣ್ಣದ ನಾಣ್ಯವಿತ್ತು. ದೊಮಿಶಿಯನ್ ಚಕ್ರವರ್ತಿಯ ಕಾಲದ್ದು, ಕ್ರಿ.ಶ. 88–89ರಲ್ಲಿ ಟಂಕಿಸಿದ್ದು. ದೋಣಿ ಕಟ್ಟಿದ್ದು ಅದಕ್ಕಿಂತ ಅರ್ಧ ಶತಮಾನ ತಡವಾಗಿ. ಅಂದರೆ ಯಾರೋ ಬಡಗಿ ಹಳೆಯ ಸವಕಲು ನಾಣ್ಯವನ್ನೇ ಹುಡುಕಿ ಇಟ್ಟಿದ್ದಾನೆ. ಯಾಕೆಂದರೆ ಅದರ ಮೇಲೆ ಅದೃಷ್ಟದ ದೇವತೆ ಫಾರ್ಚೂನಾ ಇದ್ದಾಳೆ, ಕೈಯಲ್ಲಿ ಹಡಗಿನ ಚುಕ್ಕಾಣಿ ಹಿಡಿದು. ಆ ಮುಖವನ್ನೇ ಮೇಲೆ ಮಾಡಿ ಇಟ್ಟಿದ್ದರು. ಹಡಗಿನ ಮೊದಲ ಧರ್ಮತಾಯಿ ಅವಳೇ ಎಂದು ನನಗೆ ಅನ್ನಿಸುತ್ತದೆ.

ದೇವತೆಯನ್ನು ಹಡಗಿನಲ್ಲಿಟ್ಟುಕೊಂಡವರು ನಿಜವಾದ ಹೆಂಗಸನ್ನು ಮಾತ್ರ ಹತ್ತಿರ ಸೇರಿಸಲಿಲ್ಲ. ಹೆಣ್ಣು ಹತ್ತಿದ ಹಡಗಿಗೆ ಅಪಶಕುನ ಎಂಬ ನಂಬಿಕೆ ಯುರೋಪಿನ ನಾವಿಕರಲ್ಲಿ ಬಲವಾಗಿತ್ತು. ಹಡಗಿನ ಮೂತಿಗೆ ಕೆತ್ತಿದ ಗೊಂಬೆ ಹೆಣ್ಣಿನದು, ಹಡಗೇ ‘ಅವಳು’, ಆದರೆ ಹೆಸರಿಡುವವನು ಗಂಡಸು. ಬ್ರಿಟನ್ನಿನಲ್ಲಿ ಈ ಕೆಲಸ ರಾಜಮನೆತನದ ಗಂಡಸರಿಗೋ ನೌಕಾಪಡೆಯ ಅಧಿಕಾರಿಗೋ ಮೀಸಲಾಗಿತ್ತು. 1811ರಲ್ಲಿ ಪ್ರಿನ್ಸ್ ರೀಜೆಂಟ್, ಅಂದರೆ ಮುಂದೆ ನಾಲ್ಕನೇ ಜಾರ್ಜ್ ಆದವನು, ಹೆಂಗಸರಿಗೂ ಅವಕಾಶ ಕೊಟ್ಟ ಎಂದು ಹೇಳುತ್ತಾರೆ. ಹಾಗೆ ಬಂದ ಒಬ್ಬ ಶ್ರೀಮತಿಯ ಕೈಯಿಂದ ಬಾಟಲಿ ಹಡಗಿಗೆ ತಾಗದೆ ನೋಡುಗನೊಬ್ಬನಿಗೆ ತಾಗಿತಂತೆ. ಅಂದಿನಿಂದ ಬಾಟಲಿಗೆ ಹಗ್ಗ ಕಟ್ಟಬೇಕೆಂಬ ನಿಯಮ ಬಂತಂತೆ. ಕಥೆ ನಿಜವೋ ಸುಳ್ಳೋ, ಹಗ್ಗವಂತೂ ಇಂದಿಗೂ ಇದೆ.

ಅಮೆರಿಕದ ದಾಖಲೆ ಇದಕ್ಕಿಂತ ಸ್ವಾರಸ್ಯವಾಗಿದೆ. 1828ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ‘ಕಾನ್‌ಕಾರ್ಡ್’ ಎಂಬ ಯುದ್ಧನೌಕೆ ನೀರಿಗಿಳಿಯಿತು. ಅದಕ್ಕೆ ಹೆಸರಿಟ್ಟವಳು ‘ಪೋರ್ಟ್ಸ್‌ಮತ್‌ನ ಒಬ್ಬ ತರುಣಿ’. ದಾಖಲೆಯಲ್ಲಿ ಇರುವುದು ಅಷ್ಟೇ. ಅಮೆರಿಕದ ನೌಕಾಪಡೆಯ ಹಡಗಿಗೆ ಹೆಸರು ಕೊಟ್ಟ ಮೊದಲ ಹೆಣ್ಣುಮಗಳ ಹೆಸರನ್ನೇ ಬರೆದಿಡಲಿಲ್ಲ. 1846ರಲ್ಲಿ ‘ಜರ್ಮನ್‌ಟೌನ್’ ಹಡಗಿನ ಕಾಲಕ್ಕೆ ಬಂದಾಗ ಲವೀನಿಯಾ ವಾಟ್ಸನ್ ಎಂಬ ಫಿಲಡೆಲ್ಫಿಯಾದ ಮಹಿಳೆಯ ಹೆಸರು ಕಾಣಿಸುತ್ತದೆ. ಹದಿನೆಂಟು ವರ್ಷ ಬೇಕಾಯಿತು.

ಎಲ್ಲ ಕಂಪನಿಗಳೂ ಈ ಶಾಸ್ತ್ರ ಮಾಡುತ್ತಿರಲಿಲ್ಲ. ಟೈಟಾನಿಕ್ ಹಡಗನ್ನು 1911ರ ಮೇ 31ರಂದು ನೀರಿಗಿಳಿಸಿದಾಗ ಧರ್ಮತಾಯಿಯೂ ಇರಲಿಲ್ಲ, ಬಾಟಲಿಯೂ ಇರಲಿಲ್ಲ, ಅವರ ಕಂಪನಿಯ ರೂಢಿಯೇ ಹಾಗಿತ್ತು. ಅದಕ್ಕೇ ಮುಳುಗಿತು ಎನ್ನುವವರಿಗೆ ಹೇಳಬೇಕಾದದ್ದೆಂದರೆ, ಅದರ ಅಕ್ಕ ‘ಒಲಿಂಪಿಕ್’ಗೂ ಬಾಟಲಿ ಒಡೆದಿರಲಿಲ್ಲ. ಅದು ಇಪ್ಪತ್ತನಾಲ್ಕು ವರ್ಷ ಓಡಾಡಿತು.

ಸುಖಕ್ಕಾಗಿಯೇ ಒಂದು ಹಡಗು ಎಂಬ ಯೋಚನೆ ಜರ್ಮನಿಯ ಹ್ಯಾಂಬರ್ಗಿನಲ್ಲೂ ಬಂತು. ಅಲ್ಲಿನ ಹಪಾಗ್ ಕಂಪನಿಯ ಆಲ್ಬರ್ಟ್ ಬಾಲಿನ್‌ಗೆ ಚಳಿಗಾಲ ಬಂತೆಂದರೆ ಚಿಂತೆ. ಅಟ್ಲಾಂಟಿಕ್ ದಾಟುವವರು ಕಡಿಮೆ, ಹಡಗುಗಳು ಸುಮ್ಮನೆ ನಿಂತಿರುತ್ತಿದ್ದವು. 1891ರ ಜನವರಿಯಲ್ಲಿ ‘ಆಗುಸ್ಟಾ ವಿಕ್ಟೋರಿಯಾ’ ಹಡಗಿನಲ್ಲಿ 241 ಜನರನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಎರಡು ತಿಂಗಳ ವಿಹಾರಕ್ಕೆ ಕಳಿಸಿದ. ಜನ ಮೆಚ್ಚಿದರು. ಆದರೆ ಆ ಹಡಗು ಕಟ್ಟಿದ್ದು ಮಹಾಸಾಗರ ದಾಟಲು, ಬಿಸಿಲಿನಲ್ಲಿ ಕೂತು ಕಾಫಿ ಕುಡಿಯಲು ಅಲ್ಲ. ಅದಕ್ಕಾಗಿ ಬ್ಲೋಮ್ ಉಂಟ್ ಫಾಸ್ ಕಾರ್ಖಾನೆಗೆ ಹೊಸ ಹಡಗೊಂದನ್ನು ಹೇಳಿ ಕಟ್ಟಿಸಿದ. 1900ರ ಜೂನ್ 29ರಂದು ನೀರಿಗಿಳಿದ ಆ ಹಡಗಿಗೆ ಕೈಸರನ ಏಳು ವರ್ಷದ ಮಗಳ ಹೆಸರು, ‘ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸೆ’.

ಕೇವಲ 4,409 ಗ್ರಾಸ್ ಟನ್, ಉದ್ದ 124 ಮೀಟರ್. ನಮ್ಮ ಎಂಪ್ರೆಸ್ 48 ಸಾವಿರ ಗ್ರಾಸ್ ಟನ್ನಿನದು. (ಗ್ರಾಸ್ ಟನ್ ಎಂದರೆ ತೂಕವಲ್ಲ, ಹಡಗಿನ ಒಳಗಿನ ಜಾಗದ ಅಳತೆ.) ಇಷ್ಟು ಚಿಕ್ಕದಾದರೂ ಅದರಲ್ಲಿ 120 ಕೋಣೆಗಳು, ಎಲ್ಲವೂ ಮೊದಲ ದರ್ಜೆಯವು. ಗ್ರಂಥಾಲಯ, ವ್ಯಾಯಾಮಶಾಲೆ, ಫೋಟೋ ತೆಗೆಯುವ ಹವ್ಯಾಸಿಗಳಿಗೆ ಫಿಲ್ಮ್ ತೊಳೆಯುವ ಕತ್ತಲೆಕೋಣೆ ಕೂಡ ಇತ್ತು. ತನ್ನ ಸ್ವಂತ ನೌಕೆಗಿಂತ ಇದು ತುಸು ಉದ್ದವಾಗಿದೆ ಎಂದು ಕೈಸರನಿಗೆ ಇರಿಸುಮುರಿಸಾಯಿತಂತೆ. ಈ ಐಷಾರಾಮದ ಹಿಂದಿನ ಹಣ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಹಪಾಗ್ ಬೆಳೆದದ್ದು ಹಡಗಿನ ತಳಭಾಗದಲ್ಲಿ ಕಿಕ್ಕಿರಿದು ಅಮೆರಿಕಕ್ಕೆ ಹೋಗುತ್ತಿದ್ದ ಪೂರ್ವ ಯುರೋಪಿನ ಬಡ ವಲಸಿಗರ ಟಿಕೆಟ್ ಹಣದಿಂದ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಟ ಸಾವಿರಾರು ತಾಯಂದಿರ ಹಣವೂ ಅದರಲ್ಲಿತ್ತು. ರಾಜಕುಮಾರಿಯ ಹೆಸರಿನ ಹಡಗು ಹೆಚ್ಚು ಕಾಲ ಬಾಳಲಿಲ್ಲ. 1906ರ ಡಿಸೆಂಬರ್ 16ರ ರಾತ್ರಿ ಜಮೈಕಾದ ಬಳಿ ಕಪ್ತಾನ ಒಂದು ದೀಪಸ್ತಂಭವನ್ನು ಇನ್ನೊಂದೆಂದು ತಪ್ಪಾಗಿ ತಿಳಿದು ಹಡಗನ್ನು ಬಂಡೆಗೆ ಹತ್ತಿಸಿದ. ಪ್ರಯಾಣಿಕರೆಲ್ಲ ಬದುಕಿದರು. ಕಪ್ತಾನ ಮಾತ್ರ ಆ ರಾತ್ರಿಯೇ ಪ್ರಾಣ ಕಳೆದುಕೊಂಡ.

ಇದುವರೆಗೆ ಹೇಳಿದ್ದೆಲ್ಲ ಹೆಸರಿನ ಕಥೆ. ಕಟ್ಟುವ ಕೈಗಳಲ್ಲಿ ಹೆಂಗಸರ ಕೈ ಇತ್ತೇ ಎಂದು ಕೇಳಿದರೆ, ಇತ್ತು. ಹುಡುಕಬೇಕು ಅಷ್ಟೆ.

ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನ ಜಾನ್ ಬ್ರೌನ್ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಅಲ್ಲಿ 1930ರ ಕೊನೆಗೆ ಶುರುವಾದ 534ನೇ ನಂಬರಿನ ಹಡಗಿನ ಕೆಲಸ ಆರ್ಥಿಕ ಕುಸಿತದಿಂದ 1931ರ ಡಿಸೆಂಬರ್‌ನಲ್ಲಿ ನಿಂತೇಹೋಯಿತು. 3,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಅರ್ಧ ಕಟ್ಟಿದ ಹಡಗು ಊರಿನ ಮನೆಗಳ ಮೇಲೆ ತುಕ್ಕು ಹಿಡಿದ ಗುಡ್ಡದಂತೆ ಎರಡು ವರ್ಷಕ್ಕೂ ಮಿಕ್ಕಿ ನಿಂತಿತ್ತು. 1934ರ ಏಪ್ರಿಲ್‌ನಲ್ಲಿ ಕೆಲಸ ಮತ್ತೆ ಶುರುವಾಯಿತು. ಆ ವರ್ಷ ಸೆಪ್ಟೆಂಬರ್ 26ರಂದು, ಸುರಿಯುವ ಮಳೆಯಲ್ಲಿ, ರಾಣಿ ಮೇರಿ ಬಂದು ಬಾಟಲಿ ಒಡೆದು ತನ್ನ ಹೆಸರನ್ನೇ ಹಡಗಿಗೆ ಕೊಟ್ಟರು. ‘ಕ್ವೀನ್ ಮೇರಿ’ ಎಂದರೆ ಯಾರಿಗೆ ಗೊತ್ತಿಲ್ಲ? ಆದರೆ ಆ ಕಾಲದ ಕ್ಲೈಡ್ ತೀರದ ಕಾರ್ಖಾನೆಗಳ ನಕ್ಷೆಕೋಣೆಯಲ್ಲಿ ಸಾಲಾಗಿ ಕೂತು, ಎಂಜಿನಿಯರ್ ಪೆನ್ಸಿಲಿನಲ್ಲಿ ಬರೆದ ನಕ್ಷೆಯನ್ನು ನಯವಾದ ಲಿನನ್ ಬಟ್ಟೆಯ ಮೇಲೆ ಶಾಯಿಯಿಂದ ಗೆರೆ ತಪ್ಪದಂತೆ ಎಳೆಯುತ್ತಿದ್ದವರು ಹುಡುಗಿಯರು. ಟ್ರೇಸರ್ ಎಂದು ಅವರ ಹುದ್ದೆ. ಒಂದು ಗೆರೆ ತಪ್ಪಿದರೆ ಒಂದು ತಗಡು ತಪ್ಪು. ಕೋಣೆಗಳ ಮರದ ಹಲಗೆಗೆ ಪದರ ಪದರವಾಗಿ ಅರಗಿನ ಮೆರುಗು ತಿಕ್ಕುತ್ತಿದ್ದ ಪಾಲಿಶ್ ಕೆಲಸದಲ್ಲೂ ಹೆಂಗಸರಿದ್ದರು. ಕ್ವೀನ್ ಮೇರಿಯ ಊಟದ ಕೋಣೆಯ ಗೋಡೆಗೆ ಚಿತ್ರ ಬರೆದ ಡೋರಿಸ್ ಜಿಂಕೈಸನ್, ನೃತ್ಯದ ಕೋಣೆಗೆ ಬರೆದ ಅವಳ ತಂಗಿ ಅನ್ನಾ, ಇವರ ಹೆಸರಾದರೂ ಉಳಿದಿದೆ.

ಅಮೆರಿಕದ ‘ಯುನೈಟೆಡ್ ಸ್ಟೇಟ್ಸ್’ ಹಡಗು ಇನ್ನೊಂದು ಉದಾಹರಣೆ. 1952ರಲ್ಲಿ ಮೂರು ದಿನ ಹತ್ತು ಗಂಟೆ ನಲವತ್ತು ನಿಮಿಷದಲ್ಲಿ ಅಟ್ಲಾಂಟಿಕ್ ದಾಟಿ ದಾಖಲೆ ಮಾಡಿತು. ಅದರ ಒಳಾಂಗಣ ಮಾಡಿದವರು ಡೊರೊತಿ ಮಾರ್ಕ್‌ವಾಲ್ಡ್ ಮತ್ತು ಆ್ಯನ್ ಅರ್ಕರ್ಟ್. ಅವರ ಮೇಲಿದ್ದ ಷರತ್ತು ಒಂದೇ, ಬೆಂಕಿ ಹತ್ತುವ ವಸ್ತು ಇರಕೂಡದು. ಅಂದರೆ ಮರ ಬಿಲ್‌ಕುಲ್ ಇಲ್ಲ. ಪಿಯಾನೊ ಮತ್ತು ಅಡುಗೆಮನೆಯ ಮಾಂಸ ಕತ್ತರಿಸುವ ದಿಮ್ಮಿ ಬಿಟ್ಟರೆ ಮರವೇ ಇಲ್ಲದ ಹಡಗು ಎಂದು ಅದರ ಖ್ಯಾತಿ. ಅಲ್ಯೂಮಿನಿಯಂ, ಗಾಜು, ಗಾಜಿನ ನಾರಿನ ಬಟ್ಟೆ ಇಷ್ಟರಲ್ಲೇ ಮನೆಯ ಬೆಚ್ಚನೆ ತರಬೇಕಿತ್ತು.

ಎರಡನೇ ಮಹಾಯುದ್ಧದ ಕಾಲದ ಒಂದು ಸಂಗತಿಯನ್ನು ನಾನು ಮರೆಯಲಾರೆ. ಗಂಡಸರೆಲ್ಲ ಯುದ್ಧಕ್ಕೆ ಹೋದಾಗ ಅಮೆರಿಕದ ಕೈಸರ್ ಕಂಪನಿಯ ಹಡಗು ಕಟ್ಟೆಗಳಿಗೆ ಸಾವಿರಾರು ಹೆಂಗಸರು ವೆಲ್ಡಿಂಗ್ ಕಲಿತು ಬಂದರು. (ಜರ್ಮನ್ ಕೈಸರನಿಗೂ ಈ ಕೈಸರ್‌ಗೂ ಸಂಬಂಧವಿಲ್ಲ, ಇದು ಹೆನ್ರಿ ಕೈಸರ್ ಎಂಬ ಉದ್ಯಮಿಯ ಹೆಸರು.) 1943ರ ಏಪ್ರಿಲ್‌ನಲ್ಲಿ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಆ ಕಂಪನಿಯ ವ್ಯಾಂಕೂವರ್ ಕಟ್ಟೆಗೆ ಬಂದು ‘ಕ್ಯಾಸಬ್ಲಾಂಕಾ’ ಎಂಬ ವಿಮಾನವಾಹಕ ನೌಕೆಗೆ ಬಾಟಲಿ ಒಡೆದರು. ಬಾಟಲಿ ಒಡೆದವರ ಫೋಟೋ ಬಂತು. ಆದರೆ ಬೆಸುಗೆ ಹಾಕುವ ತಾಯಿಯ ಮಗುವನ್ನು ನೋಡಿಕೊಳ್ಳುವವರು ಯಾರು? ಅದೇ ವರ್ಷ ನವೆಂಬರ್‌ನಲ್ಲಿ ಪೋರ್ಟ್‌ಲೆಂಡ್‌ನ ಎರಡು ಕಟ್ಟೆಗಳ ಬಾಗಿಲಲ್ಲೇ ಶಿಶುಕೇಂದ್ರಗಳು ತೆರೆದವು. ಹಗಲು ರಾತ್ರಿ ಎಲ್ಲ ಪಾಳಿಗೂ ತೆರೆದಿರುತ್ತಿದ್ದವು. ತರಬೇತಾದ ಶಿಕ್ಷಕಿಯರು, ದಾದಿಯರು, ಮಕ್ಕಳ ಎತ್ತರಕ್ಕೆ ತಕ್ಕ ಸಿಂಕು. ಪಾಳಿ ಮುಗಿಸಿ ದಣಿದು ಬರುವ ತಾಯಿ ಮಗುವಿನ ಜೊತೆಗೆ ಮನೆಗೆ ಬೇಕಾದ ಬಿಸಿ ಅಡುಗೆಯನ್ನೂ ಕಡಿಮೆ ಬೆಲೆಗೆ ಕಟ್ಟಿಸಿಕೊಂಡು ಹೋಗಬಹುದಿತ್ತು! ಎರಡು ವರ್ಷದಲ್ಲಿ 3,800ಕ್ಕೂ ಹೆಚ್ಚು ಮಕ್ಕಳನ್ನು ನೋಡಿಕೊಂಡರು. 1945ರಲ್ಲಿ ಯುದ್ಧ ಮುಗಿಯಿತು, ಹೆಂಗಸರನ್ನು ಮನೆಗೆ ಕಳಿಸಿದರು, ಕೇಂದ್ರಗಳಿಗೆ ಬೀಗ ಬಿತ್ತು. ಇಂದು ಮುಂಬಯಿ, ಪುಣೆಗಳಲ್ಲಿ ಕೆಲಸಕ್ಕೆ ಹೋಗುವ ನಮ್ಮ ಸೊಸೆಯಂದಿರು ಪಾಳಣಾಘರ್ ಹುಡುಕಿ ಅಲೆಯುವುದನ್ನು ನೋಡಿದಾಗ ಆ ಬಿಸಿ ಅಡುಗೆಯ ಡಬ್ಬಿ ನೆನಪಾಗುತ್ತದೆ.

ವಿಕ್ಟೋರಿಯಾ ಡ್ರಮಂಡ್ ಬಗ್ಗೆಯೂ ಹೇಳಬೇಕು. 1894ರಲ್ಲಿ ಹುಟ್ಟಿದ ಈಕೆಗೆ ಸ್ವತಃ ವಿಕ್ಟೋರಿಯಾ ರಾಣಿ ಧರ್ಮತಾಯಿ. ಆ ನಂಟಿನಿಂದ ಆರಾಮವಾಗಿ ಬಾಟಲಿ ಒಡೆಯುತ್ತ ಇರಬಹುದಿತ್ತು. ಈಕೆ ಡಂಡೀ ಊರಿನ ಹಡಗು ಕಾರ್ಖಾನೆಯಲ್ಲಿ ಕೆಲಸ ಕಲಿತು ಹಡಗಿನ ಎಂಜಿನ್ ಕೋಣೆಗೆ ಇಳಿದಳು. ಬ್ರಿಟನ್ನಿನ ಮೊದಲ ಮಹಿಳಾ ಮರೀನ್ ಎಂಜಿನಿಯರ್. ಮುಖ್ಯ ಎಂಜಿನಿಯರ್ ಪರೀಕ್ಷೆಗೆ ಮೂವತ್ತಕ್ಕೂ ಹೆಚ್ಚು ಸಲ ಕುಳಿತಳು, ಪ್ರತಿಸಲವೂ ಫೇಲು. ಹೆಣ್ಣೆಂಬುದೇ ಕಾರಣ ಎಂದು ಆಕೆಗೆ ಗೊತ್ತಿತ್ತು. ಕೊನೆಗೆ ಪನಾಮಾ ದೇಶದ ಸರ್ಟಿಫಿಕೇಟು ಪಡೆದಳು. 1940ರಲ್ಲಿ ‘ಬೊನಿಟಾ’ ಎಂಬ ಹಡಗಿನ ಮೇಲೆ ಶತ್ರುವಿಮಾನ ಬಾಂಬು ಹಾಕುತ್ತಿದ್ದಾಗ ಉಳಿದವರನ್ನು ಮೇಲೆ ಕಳಿಸಿ ಒಬ್ಬಳೇ ಎಂಜಿನ್ ನಡೆಸಿ ಹಡಗನ್ನು ಉಳಿಸಿದಳು. ಆಮೇಲೆ ಪದಕಗಳು ಬಂದವು.

ನಮ್ಮ ದೇಶದ ವಿಷಯಕ್ಕೆ ಬಂದರೆ, ಸ್ವತಂತ್ರ ಭಾರತದಲ್ಲಿ ಕಟ್ಟಿದ ಮೊದಲ ದೊಡ್ಡ ಹಡಗು ‘ಜಲ ಉಷಾ’. ಹೆಸರು ಹೆಣ್ಣಿನದು, 1948ರ ಮಾರ್ಚ್ 14ರಂದು ವಿಶಾಖಪಟ್ಟಣದಲ್ಲಿ ನೀರಿಗಿಳಿಸಿದವರು ನೆಹರೂ. ಅವರ ತಂಗಿ ವಿಜಯಲಕ್ಷ್ಮಿ ಪಂಡಿತರು 1961ರ ಮಾರ್ಚ್ 4ರಂದು ಬೆಲ್‌ಫಾಸ್ಟಿನಲ್ಲಿ ಹಳೆಯ ‘ವಿಕ್ರಾಂತ್’ ನೌಕೆಯನ್ನು ಭಾರತದ ಸೇವೆಗೆ ಬರಮಾಡಿಕೊಂಡರು, ಹೈಕಮಿಷನರ್ ಆಗಿ, ಯಾರದೋ ಪತ್ನಿಯಾಗಿ ಅಲ್ಲ. ಮುಂಬಯಿಯ ಮಜಗಾಂವ್ ಡಾಕಿನಲ್ಲಿ 1968ರ ಅಕ್ಟೋಬರ್ 23ರಂದು ‘ನೀಲಗಿರಿ’ ನೌಕೆಯನ್ನು ನೀರಿಗಿಳಿಸಿದವರು ಪ್ರಧಾನಿ ಇಂದಿರಾ ಗಾಂಧಿ. ಇವೆರಡು ಬಿಟ್ಟರೆ ನಮ್ಮ ನೌಕಾಪಡೆಯ ರೂಢಿ ಬಹುಮಟ್ಟಿಗೆ ಮಂತ್ರಿಯ ಅಥವಾ ಹಿರಿಯ ಅಧಿಕಾರಿಯ ಪತ್ನಿ ಬರುವುದು, ಅಥರ್ವವೇದದ ಮಂತ್ರ, ತೆಂಗಿನಕಾಯಿ, ಕುಂಕುಮ. 2013ರ ಆಗಸ್ಟ್‌ನಲ್ಲಿ ಕೊಚ್ಚಿಯಲ್ಲಿ ಹೊಸ ವಿಕ್ರಾಂತ್ ನೀರಿಗಿಳಿದಾಗಲೂ ರಕ್ಷಣಾ ಮಂತ್ರಿಯ ಪತ್ನಿ ಎಲಿಜಬೆತ್ ಆ್ಯಂಟನಿ ಬಂದಿದ್ದರು. ತೆಂಗಿನಕಾಯಿ ನಮಗೆ ಸಹಜ. ನಾರಳಿ ಪೂರ್ಣಿಮೆಗೆ ಮುಂಬಯಿಯ ಕೋಳಿ ಹೆಂಗಸರು ಕಡಲಿಗೆ ಕಾಯಿ ಕೊಡುವುದನ್ನು ನಾವೆಲ್ಲ ನೋಡಿದ್ದೇವೆ, ಕರಾವಳಿಯ ನಮ್ಮ ಮೊಗವೀರರೂ ಸಮುದ್ರಪೂಜೆ ಮಾಡುತ್ತಾರೆ.

ಹಡಗು ನಡೆಸುವ ಕೆಲಸದಲ್ಲಿ ಬಾಗಿಲು ತೆರೆದದ್ದು ತೀರ ಇತ್ತೀಚೆಗೆ. 2007ರಲ್ಲಿ ಸ್ವೀಡನ್ನಿನ ಕಾರಿನ್ ಸ್ಟಾರೆ ಯಾನ್ಸನ್ ದೊಡ್ಡ ಕ್ರೂಸ್ ಹಡಗೊಂದರ ಮೊದಲ ಮಹಿಳಾ ಕಪ್ತಾನಳಾದಳು. ನಮ್ಮ ಕೇರಳದ ರಾಧಿಕಾ ಮೆನನ್ 2015ರಲ್ಲಿ ಬಂಗಾಳ ಕೊಲ್ಲಿಯ ಬಿರುಗಾಳಿಯಲ್ಲಿ ‘ದುರ್ಗಮ್ಮ’ ಎಂಬ ಮೀನುದೋಣಿಯ ಏಳು ಜನರನ್ನು ಉಳಿಸಿದರು. ಅವರು ‘ಸಂಪೂರ್ಣ ಸ್ವರಾಜ್ಯ’ ಎಂಬ ಟ್ಯಾಂಕರಿನ ಕಪ್ತಾನರು. ಸಮುದ್ರದಲ್ಲಿ ತೋರಿದ ಅಸಾಧಾರಣ ಧೈರ್ಯಕ್ಕಾಗಿ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಸೇಂಟ್ ನಜೇರ್‌ನಲ್ಲೇ ಕಟ್ಟಿದ ‘ಸೆಲೆಬ್ರಿಟಿ ಎಡ್ಜ್’ ಹಡಗಿಗೆ 2018ರಲ್ಲಿ ಧರ್ಮತಾಯಿಯಾದವಳು ಮಲಾಲಾ. 2020ರ ಮಹಿಳಾ ದಿನಕ್ಕೆ ಅದೇ ಹಡಗು ಬರೀ ಹೆಂಗಸರೇ ಇದ್ದ ಅಧಿಕಾರಿ ತಂಡದೊಂದಿಗೆ ಹೊರಟಿತು.

ಇನ್ನು ಆ ಇಬ್ಬರು ತಾಯಂದಿರು. ಹಿಂದೆ ಹಡಗು ಇಳಿಜಾರಿನಿಂದ ನೀರಿಗೆ ಜಾರುವ ಗಳಿಗೆಯಲ್ಲೇ, ಕಾರ್ಖಾನೆಯ ಅಂಗಳದಲ್ಲೇ, ಕಟ್ಟಿದವರ ಕಣ್ಣೆದುರೇ ಹೆಸರಿಡುತ್ತಿದ್ದರು. ರಾಣಿ ಬಂದರೂ ಆ ಮಸಿಯ ನೆಲಕ್ಕೇ ಬರಬೇಕಿತ್ತು. ಈಗ ನಾಮಕರಣ ಕಾರ್ಖಾನೆ ಬಿಟ್ಟು ದೂರ ಹೋಗಿದೆ. ‘ಸೆವೆನ್ ಸೀಸ್ ಎಕ್ಸ್‌ಪ್ಲೋರರ್’ ಎಂಬ 750 ಜನರ ಮಧ್ಯಮ ಗಾತ್ರದ ಐಷಾರಾಮಿ ಹಡಗನ್ನು ಕಟ್ಟಿದ್ದು ಇಟಲಿಯ ಜಿನೋವಾದ ಸೆಸ್ತ್ರಿ ಪೊನೆಂತೆಯಲ್ಲಿ. ಬಾಟಲಿ ಒಡೆದದ್ದು 2016ರ ಜುಲೈನಲ್ಲಿ ಮೊನಾಕೊದಲ್ಲಿ, ಅಲ್ಲಿನ ರಾಜಕುಮಾರಿ ಶಾರ್ಲೀನ್ ಕೈಯಿಂದ. ಕಾರ್ಖಾನೆಗೆ ಉಳಿದದ್ದು ನಾಣ್ಯದ ದಿನ. ಆ ದಿನ ಮಾದ್ರೀನಾ ಆಗಲು ಬಹಳ ಕಡೆ ಕಾರ್ಖಾನೆಯಲ್ಲೇ ದುಡಿಯುವ ಮಹಿಳೆಯನ್ನು ಕರೆಯುತ್ತಾರೆ. ಸೇಂಟ್ ನಜೇರ್‌ನಲ್ಲಿ ಹಲವು ಹಡಗುಗಳಿಗೆ ಇಬ್ಬರು, ಒಬ್ಬಳು ಹಡಗು ಕಂಪನಿಯವಳು, ಒಬ್ಬಳು ಕಾರ್ಖಾನೆಯವಳು. ತಲೆಗೆ ಹೆಲ್ಮೆಟ್ಟು, ಮೈಗೆ ಕೆಲಸದ ಕೋಟು, ಕೈಯಲ್ಲಿ ಪುಟ್ಟ ಪೆಟ್ಟಿಗೆ. ನಾಣ್ಯ ಇಡುತ್ತಾರೆ, ಕ್ರೇನು ನೂರಾರು ಟನ್ನಿನ ಬ್ಲಾಕನ್ನು ನಿಧಾನಕ್ಕೆ ಇಳಿಸುತ್ತದೆ, ಚಪ್ಪಾಳೆ ಬೀಳುತ್ತದೆ, ಮತ್ತೆ ಎಲ್ಲರೂ ಕೆಲಸಕ್ಕೆ ಮರಳುತ್ತಾರೆ.

ಒಡೆದ ಷಾಂಪೇನು ಹಡಗಿನ ಪಕ್ಕದಲ್ಲಿ ಇಳಿದು ಒಂದು ಗಳಿಗೆಯಲ್ಲಿ ಒಣಗುತ್ತದೆ. ಬೆಸೆದ ನಾಣ್ಯ ಹಡಗು ಎಷ್ಟು ಸಲ ಮಾರಾಟವಾದರೂ, ಎಷ್ಟು ಸಲ ಹೆಸರು ಬದಲಾದರೂ, ತಳದಲ್ಲಿ ಅಲ್ಲೇ ಇರುತ್ತದೆ.